ಹೆಸರೆತ್ತಿದವರು ಎಷ್ಟು ಜನ, ಎತ್ತಿದ್ದು ಯಾಕೆ

(ಶಿರಸಿಯಲ್ಲಿ ಒಂದು ಭಾನುವಾರ ಸಂಜೆ ಕಾಲೇಜು ಹುಡುಗರು, ಮೇಷ್ಟ್ರುಗಳು, ಒಂದಷ್ಟು ನೆಂಟರು ಸೇರಿದ್ದಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಅಡ್ಡಮಾತುಗಳನ್ನು ಹಾಗೇ ಬಿಟ್ಟಿದ್ದೇನೆ.)

ಇಪ್ಪತ್ತೆರಡು ಸ್ಲೈಡ್ ಮಾಡಿಕೊಂಡು ಬಂದಿದ್ದೆ. ಈಗ ನೋಡಿದರೆ ಕರೆಂಟೇ ಇಲ್ಲ. ಮಳೆಗಾಲದಲ್ಲಿ ಶಿರಸಿಗೆ ಬಂದು ಕರೆಂಟನ್ನು ನಂಬಿದ್ದು ನನ್ನದೇ ತಪ್ಪು. ಇರಲಿ, ಬಾಯಲ್ಲೇ ಹೇಳುತ್ತೇನೆ. ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ.

ಈ ವಿಷಯ ನನಗೆ ಹೊಳೆದದ್ದು ಊಟದ ಪಂಕ್ತಿಯಲ್ಲಿ. ನಮ್ಮ ದೊಡ್ಡಪ್ಪ ಎಲ್ಲೋ ಒಂದು ಫ್ಲೆಕ್ಸ್ ನೋಡಿದ್ದರಂತೆ. ಜಗತ್ತಿನ ಮೊದಲ ಶೇ 2 ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಕಾಲೇಜಿನ ಪ್ರಾಧ್ಯಾಪಕರು ಅಂತ ಫೋಟೋ ಸಮೇತ ಹಾಕಿದ್ದರಂತೆ. ಎಲೆಯ ಮುಂದೆ ಕೂತು ಕೇಳಿದರು: "ಅಲ್ದೇ ತಂಗಿ, ನೀನೂ ಇಷ್ಟು ವರ್ಷ ಮಿದುಳು ಮಿದುಳು ಅಂತ ಬೆಂಗಳೂರಲ್ಲಿ ಕೂತಿದ್ದೀಯಲ್ಲ, ನಿಂದು ಎಷ್ಟು?"

ದೊಡ್ಡಪ್ಪನದು ಅಡಿಕೆ ತೋಟ. ಅವರ ಪ್ರಕಾರ ಯಾವುದಕ್ಕೂ ಒಂದು ದರ ಇರಲೇಬೇಕು. ನಾನು "ಹನ್ನೊಂದು" ಅಂದೆ. "ಹನ್ನೊಂದು ಎಂತದು?" ಅಂದರು. ಅಲ್ಲಿಂದ ಶುರುವಾದದ್ದು ಪಾಯಸ ಬಂದರೂ ಮುಗಿಯಲಿಲ್ಲ.

ಹನ್ನೊಂದು ನನ್ನ ಎಚ್-ಇಂಡೆಕ್ಸ್. ಅದನ್ನು ಹೇಳುವ ಮೊದಲು ಸೈಟೇಶನ್ ಅಂದರೇನು ಅಂತ ಹೇಳಬೇಕು. ನಾವು ಸಂಶೋಧನೆ ಮಾಡಿ ಬರೆಯುವ ಲೇಖನಕ್ಕೆ ಪೇಪರ್ ಅನ್ನುತ್ತೇವೆ. ಅದರ ಕೊನೆಗೆ ಒಂದು ಪಟ್ಟಿ ಇರುತ್ತದೆ. ಯಾರ ಕೆಲಸವನ್ನು ಆಧಾರ ಮಾಡಿಕೊಂಡೆ, ಯಾರ ವಿಧಾನ ಬಳಸಿದೆ, ಯಾರ ಮಾತಿಗೆ ನನ್ನ ತಕರಾರಿದೆ, ಎಲ್ಲ ಅಲ್ಲಿ ಬರಬೇಕು. ಇನ್ನೊಬ್ಬರ ಪಟ್ಟಿಯಲ್ಲಿ ನನ್ನ ಪೇಪರ್ ಬಂದರೆ ನನಗೆ ಒಂದು ಸೈಟೇಶನ್. ಪುಸ್ತಕದ ಕನ್ನಡದಲ್ಲಿ ಉಲ್ಲೇಖ. ಆಡುಮಾತಿನಲ್ಲಿ ಹೆಸರೆತ್ತುವುದು. ಊರಲ್ಲಿ ಯಾರೋ ನಿಮ್ಮ ಹೆಸರೆತ್ತಿದರು ಅಂತ ಗೊತ್ತಾದರೆ ನೀವು ಮೊದಲು ಕೇಳೋದು ಏನು? "ಎಂತಕ್ಕೆ?" ಅಂತ, ಅಲ್ವಾ? ಎಷ್ಟು ಸಲ ಎತ್ತಿದರು ಅಂತ ಯಾರೂ ಕೇಳುವುದಿಲ್ಲ. ನಮ್ಮ ವಿಜ್ಞಾನಿಗಳ ಲೋಕದಲ್ಲಿ ಮಾತ್ರ ಉಲ್ಟಾ. ಎಷ್ಟು ಸಲ ಅಂತ ಎಲ್ಲರೂ ಕೇಳುತ್ತಾರೆ. ಎಂತಕ್ಕೆ ಅಂತ ಕೇಳುವವರು ಕಡಿಮೆ.

ಎಚ್-ಇಂಡೆಕ್ಸ್ ಲೆಕ್ಕ ಕಟ್ಟಿದವರು ಅಮೆರಿಕದ ಭೌತವಿಜ್ಞಾನಿ ಹೋರ್ಹೆ ಹಿರ್ಷ್. 2005ರಲ್ಲಿ. ದೊಡ್ಡಪ್ಪನಿಗೆ ನಾನು ಹೇಳಿದ್ದು ಹೀಗೆ. ಹಿತ್ತಲಲ್ಲಿ ಏಳು ಹಲಸಿನ ಮರ ಇವೆ. ಯಾವುದರಲ್ಲಿ ಎಷ್ಟು ಕಾಯಿ ಅಂತ ಜಾಸ್ತಿಯಿಂದ ಕಡಿಮೆಗೆ ಬರೆದುಕೊಳ್ಳಿ. 40, 12, 6, 5, 3, 1, 0. ನಾಲ್ಕು ಮರಗಳಲ್ಲಿ ತಲಾ ನಾಲ್ಕಾದರೂ ಕಾಯಿ ಇವೆಯಾ? ಇವೆ. ಐದು ಮರಗಳಲ್ಲಿ ತಲಾ ಐದು ಇವೆಯಾ? ಇಲ್ಲ, ಐದನೆಯದರಲ್ಲಿ ಮೂರೇ. ಹಾಗಾದರೆ ನಿಮ್ಮ ಹಿತ್ತಲಿನ ಎಚ್-ಇಂಡೆಕ್ಸ್ 4. ಮರ ಅಂದರೆ ಪೇಪರ್, ಕಾಯಿ ಅಂದರೆ ಸೈಟೇಶನ್. ನನ್ನ ಹನ್ನೊಂದು ಪೇಪರ್‌ಗಳಿಗೆ ತಲಾ ಹನ್ನೊಂದಾದರೂ ಸೈಟೇಶನ್ ಇವೆ.

ದೊಡ್ಡಪ್ಪ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ, "ಮೊದಲನೇ ಮರ 40 ಬಿಡೋ ಬದಲು 400 ಬಿಟ್ಟರೆ?"

"ಆಗಲೂ 4."

"ಮರ ಮುದಿಯಾಗಿ ಬಿದ್ದು ಹೋದರೆ?"

"ಆಗಲೂ 4. ಇದು ಏರುತ್ತದೆ, ಇಳಿಯುವುದಿಲ್ಲ. ಸತ್ತ ಮೇಲೂ ಏರಬಹುದು."

"ಬಕ್ಕೆಯೋ ಅಂಬಲಿಯೋ ಅಂತ ಇದರಲ್ಲಿ ಎಲ್ಲಿ ಗೊತ್ತಾಗ್ತದೆ?"

ಬಕ್ಕೆ ಅಂದರೆ ಗಟ್ಟಿ ತೊಳೆಯ ಹಲಸು, ಅಂಬಲಿ ಅಂದರೆ ಮೆತ್ತಗಿನದು. ಗೊತ್ತಾಗುವುದಿಲ್ಲ. ನಾನು ಒಂದು ಗಂಟೆ ಹೇಳಬೇಕೆಂದಿದ್ದನ್ನು ಅವರು ಒಂದು ಪ್ರಶ್ನೆಯಲ್ಲಿ ಮುಗಿಸಿದರು. ಹಾಗಂತ ನಿಮ್ಮನ್ನು ಈಗಲೇ ಮನೆಗೆ ಕಳಿಸುವುದಿಲ್ಲ.

ನನ್ನದೇ ಲೆಕ್ಕ ಬಿಚ್ಚಿಡುತ್ತೇನೆ. ಬೇರೆಯವರದು ಬಿಚ್ಚಿದರೆ ಜಗಳ. ನನ್ನ ಪೇಪರ್‌ಗಳಲ್ಲಿ ಅತಿ ಜಾಸ್ತಿ ಸೈಟೇಶನ್ ಇರುವುದು ಒಂದು ಸಣ್ಣ ಕೆಲಸಕ್ಕೆ. ಮಿದುಳನ್ನು ಹಪ್ಪಳಕ್ಕಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಫೋಟೋ ತೆಗೆಯುತ್ತೇವೆ. ಆ ಫೋಟೋದಲ್ಲಿ ನರಕೋಶಗಳನ್ನು ಎಣಿಸಬೇಕು. ಕೈಯಲ್ಲಿ ಎಣಿಸಿ ಬೇಸರವಾಗಿ ಒಂದು ಪ್ರೋಗ್ರಾಮ್ ಬರೆದೆ. ಮೂರು ತಿಂಗಳ ಕೆಲಸ. ಅದಕ್ಕೆ ಹತ್ತಿರ ಆರುನೂರು ಸೈಟೇಶನ್. ಇನ್ನೊಂದು ಪೇಪರ್ ಇದೆ. ನಿದ್ದೆಗೆಟ್ಟ ಇಲಿಗಳ ನೆನಪು ಹೇಗೆ ಹಾಳಾಗುತ್ತದೆ ಅಂತ ನಾಲ್ಕು ವರ್ಷ ಕೂತು ಮಾಡಿದ್ದು. ಇಲಿಗಳ ಜೊತೆ ನನ್ನ ನಿದ್ದೆಯೂ ಕೆಟ್ಟಿತ್ತು. ಅದಕ್ಕೆ ಒಂಬತ್ತು.

ಒಂದು ರಜೆಯಲ್ಲಿ ಕೂತು ಆ ಒಂಬತ್ತನ್ನೂ ತೆಗೆದು ಓದಿದೆ. ಪೇಪರ್ ಪೂರ್ತಿ ಅಲ್ಲ, ನಮ್ಮ ಹೆಸರು ಬಂದ ವಾಕ್ಯ. ಎರಡು ನಮ್ಮವೇ, ನಾವೇ ನಮ್ಮ ಹೆಸರೆತ್ತಿದ್ದು. ನಾಲ್ಕು ಕಡೆ "ನಿದ್ದೆ ನೆನಪಿಗೆ ಮುಖ್ಯ" ಅನ್ನುವ ವಾಕ್ಯದ ಬಾಲಕ್ಕೆ ಏಳೆಂಟು ಹೆಸರು ಕಟ್ಟಿದ್ದರು, ಅದರಲ್ಲಿ ನಮ್ಮದೂ ಒಂದು. ಅವರು ನಮ್ಮ ಪೇಪರ್ ಓದಿದ ಹಾಗೆ ನನಗೆ ಕಾಣಲಿಲ್ಲ. ಒಂದು ಕಡೆ ನಾವು ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ ಹೇಳಿ ನಮ್ಮ ಹೆಸರು ಹಾಕಿದ್ದರು! ಇನ್ನೊಂದು ಒಬ್ಬ ವಿದ್ಯಾರ್ಥಿಯ ಪಿಎಚ್‌ಡಿ ಪ್ರಬಂಧ. ಒಂಬತ್ತನೆಯದು ಮಾತ್ರ ಬೇರೆ. ಒಂದು ತಂಡ ನಮ್ಮ ಪ್ರಯೋಗವನ್ನು ಮೊದಲಿಂದ ಮತ್ತೆ ಮಾಡಿ ನೋಡಿ, ಅರ್ಧ ನಿಲ್ಲುತ್ತದೆ, ಅರ್ಧ ನಿಲ್ಲುವುದಿಲ್ಲ ಅಂತ ಎರಡು ಪುಟ ಬರೆದಿತ್ತು. ಆ ಎರಡು ಪುಟದಿಂದ ನಾನು ಕಲಿತದ್ದು ಆರುನೂರು ಸೈಟೇಶನ್‌ನಿಂದ ಕಲಿತಿಲ್ಲ. ಆದರೆ ಲೆಕ್ಕದಲ್ಲಿ ಅದೂ ಒಂದು, ಬಾಲಕ್ಕೆ ಕಟ್ಟಿದ್ದೂ ಒಂದು, ಉಲ್ಟಾ ಹೇಳಿದ್ದೂ ಒಂದು.

ವಿಧಾನದ ಪೇಪರ್‌ಗಳಿಗೆ ಜಾಸ್ತಿ ಸೈಟೇಶನ್ ಬರುವುದು ಹೊಸ ವಿಷಯ ಅಲ್ಲ. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನದ ಬಗ್ಗೆ ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಒಂದು ಪೇಪರ್ ಬರೆದರು. 2014ರ ಲೆಕ್ಕದಲ್ಲಿ ಅದರ ಸೈಟೇಶನ್ 3 ಲಕ್ಷ ದಾಟಿತ್ತು. ವಿಜ್ಞಾನದಲ್ಲೇ ಮೊದಲ ಸ್ಥಾನ. ಅದೇನು ಮಹಾ ಪೇಪರ್ ಅಲ್ಲ ಅಂತ ಲೌರಿ ಅವರೇ ಹೇಳಿಕೊಂಡಿದ್ದರು. ನರವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಷ್ಟೋ ಪೇಪರ್‌ಗಳು ಆ ಸಂಖ್ಯೆಯ ಹತ್ತಿರವೂ ಬರುವುದಿಲ್ಲ. ಎಲ್ಲರ ಮನೆಯಲ್ಲೂ ಮೆಟ್ಟುಗತ್ತಿ ಇರುತ್ತದೆ. ಹಾಗಂತ ಮೆಟ್ಟುಗತ್ತಿಯೇ ಅಡುಗೆಯಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಇಲ್ಲಿ ವಕೀಲರು ಯಾರಾದರೂ ಇದ್ದೀರಾ? ಇಬ್ಬರಿದ್ದೀರಿ, ಒಳ್ಳೆಯದು. ಸೈಟೇಶನ್ ಎಣಿಸುವ ಐಡಿಯಾ ವಿಜ್ಞಾನಿಗಳದ್ದಲ್ಲ, ನಿಮ್ಮದು. ಅಮೆರಿಕದಲ್ಲಿ 1873ರಿಂದ ಶೆಪರ್ಡ್ಸ್ ಅನ್ನುವ ಪಟ್ಟಿ ಬರುತ್ತಿತ್ತು. ಒಂದು ಹಳೆಯ ತೀರ್ಪನ್ನು ಮುಂದೆ ಯಾವ ಯಾವ ತೀರ್ಪುಗಳಲ್ಲಿ ಎತ್ತಿದ್ದಾರೆ ಅಂತ ಅದರಲ್ಲಿ ನೋಡಬಹುದು. ಯೂಜಿನ್ ಗಾರ್ಫೀಲ್ಡ್ ಅನ್ನುವವರು ಇದನ್ನು ನೋಡಿ, ವಿಜ್ಞಾನಕ್ಕೂ ಹೀಗೇ ಮಾಡಬಹುದಲ್ಲ ಅಂತ 1955ರಲ್ಲಿ ಬರೆದರು. 1964ರಲ್ಲಿ ಅವರ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರಬಂತು. ಇವತ್ತಿನ ವೆಬ್ ಆಫ್ ಸೈನ್ಸ್ ಅದರದೇ ಮುಂದುವರಿಕೆ. ಸೈಟೇಶನ್ ಎಣಿಸುವ ಇಂಥದ್ದೇ ಪಟ್ಟಿಗಳಾದ ಸ್ಕೋಪಸ್, ಗೂಗಲ್ ಸ್ಕಾಲರ್ ಎರಡೂ 2004ರಲ್ಲಿ ಬಂದವು. ಮೂರರಲ್ಲೂ ನನ್ನ ಸಂಖ್ಯೆ ಬೇರೆ ಬೇರೆ. ಗೂಗಲ್ ಸ್ಕಾಲರ್ ಪ್ರಬಂಧ, ವರದಿ ಎಲ್ಲವನ್ನೂ ಬಾಚಿಕೊಳ್ಳುತ್ತದೆ, ಹಾಗಾಗಿ ಅಲ್ಲಿ ಜಾಸ್ತಿ. ಬಯೊಡೇಟಾಗೆ ಎಲ್ಲರೂ ಅಲ್ಲಿಂದಲೇ ಹಾಕುವುದು. ನಾನೂ.

ಗಾರ್ಫೀಲ್ಡ್ ಅವರ ಪಟ್ಟಿಯಲ್ಲಿ ಒಂದು ವಿಷಯ ಬಿಟ್ಟುಹೋಯಿತು. ವಕೀಲರ ಆ ಪಟ್ಟಿಯಲ್ಲಿ ಬರೀ ಎಲ್ಲಿ ಎತ್ತಿದರು ಅಂತ ಇರಲಿಲ್ಲ. ಪಕ್ಕಕ್ಕೆ ಒಂದೊಂದು ಅಕ್ಷರ ಇರುತ್ತಿತ್ತು. ಈ ತೀರ್ಪನ್ನು ಅನುಸರಿಸಿದರು, ಇದನ್ನು ಟೀಕಿಸಿದರು, ಇದನ್ನು ರದ್ದು ಮಾಡಿದರು, ಹೀಗೆ. ರದ್ದಾದ ತೀರ್ಪು ಹಿಡಿದುಕೊಂಡು ಕೋರ್ಟಿಗೆ ಹೋದರೆ ಮರ್ಯಾದೆ ಹೋಗುತ್ತದಲ್ಲ. ವಿಜ್ಞಾನಕ್ಕೆ ಬರುವಾಗ ಆ ಅಕ್ಷರ ದಾರಿಯಲ್ಲೇ ಉದುರಿತು. ಎಣಿಕೆ ಮಾತ್ರ ಉಳಿಯಿತು. ಲಕ್ಷಾಂತರ ಪೇಪರ್ ಓದಿ ಪ್ರತಿಯೊಂದಕ್ಕೂ ಅಕ್ಷರ ಹಾಕಲು ಆ ಕಾಲದಲ್ಲಿ ಆಗುವ ಮಾತೂ ಅಲ್ಲ. ಗಾರ್ಫೀಲ್ಡ್ ಅವರನ್ನು ಬೈದು ಉಪಯೋಗವಿಲ್ಲ. ಅವರು ಅದನ್ನು ಮಾಡಿದ್ದು ಪೇಪರ್ ಹುಡುಕಲು, ಜನರನ್ನು ತೂಗಲು ಅಲ್ಲ.

ಆ ಅಕ್ಷರ ಉದುರಿದ್ದರಿಂದ ಏನಾಯಿತು ಅಂತ ನರವಿಜ್ಞಾನದಲ್ಲೇ ಒಂದು ಕಹಿ ಉದಾಹರಣೆ ಇದೆ. 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಲ್‌ಝೈಮರ್ ಬಗ್ಗೆ ಒಂದು ಪೇಪರ್ ಬಂತು. ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡದ್ದು. ಒಂದು ಬಗೆಯ ಅಮಿಲಾಯ್ಡ್ ಪ್ರೋಟೀನ್ ಇಲಿಗಳ ನೆನಪನ್ನು ಕೆಡಿಸುತ್ತದೆ ಅಂತ ಅದರಲ್ಲಿ ಹೇಳಿದ್ದರು. 2022ರ ಹೊತ್ತಿಗೆ 2,300ರಷ್ಟು ಸೈಟೇಶನ್. ಆ ವರ್ಷ ಸೈನ್ಸ್ ಪತ್ರಿಕೆಯ ತನಿಖಾ ವರದಿಯಲ್ಲಿ, ಪೇಪರಿನ ಚಿತ್ರಗಳನ್ನು ತಿದ್ದಿರುವ ಗುರುತುಗಳಿವೆ ಅಂತ ಬಂತು. 2024ರಲ್ಲಿ ಪೇಪರನ್ನೇ ವಾಪಸ್ ತೆಗೆದುಕೊಂಡರು. ಆ ಪ್ರೋಟೀನು ತಮ್ಮ ಕೈಗೆ ಸಿಗುತ್ತಿಲ್ಲ ಅಂತ ಕೆಲವು ಲ್ಯಾಬ್‌ನವರು ಅದಕ್ಕೂ ಮೊದಲೇ ಹೇಳಿದ್ದರು. ಅವರು ಹೆಸರೆತ್ತಿದ್ದೂ ಸೈಟೇಶನ್ನೇ. ಅನುಮಾನ ಪಟ್ಟವರೂ ಸೇರಿ ಆ ಪೇಪರಿನ ಸಂಖ್ಯೆಯನ್ನು ಬೆಳೆಸಿದ ಹಾಗಾಯಿತು!

ಹೀಗೆ ಹೇಳಿದರೆ ನಮ್ಮ ಕ್ಷೇತ್ರದವರೆಲ್ಲ ಕಣ್ಣು ಮುಚ್ಚಿ ಕೂತಿದ್ದಾರೆ ಅನ್ನಿಸಬಹುದು. ಹಾಗಲ್ಲ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಗೆಳೆಯರು ಒಂದು ಸತ್ತ ಸಾಲ್ಮನ್ ಮೀನನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿದರು. ಕಾರವಾರ ಕಡೆಯವರು ಬಂಗಡೆ ಅಂದುಕೊಳ್ಳಬೇಡಿ, ಇದು ದೊಡ್ಡ ಮೀನು. ಆ ಮೀನಿಗೆ ಮನುಷ್ಯರ ಫೋಟೋಗಳನ್ನು ತೋರಿಸಿ, ಇವರ ಮನಸ್ಸಿನಲ್ಲಿ ಏನಿದೆ ಅಂತ ಕೇಳಿದರು. ಲೆಕ್ಕಾಚಾರದಲ್ಲಿ ಮಾಡಬೇಕಾದ ಒಂದು ತಿದ್ದುಪಡಿಯನ್ನು ಮಾಡದೆ ಬಿಟ್ಟರೆ, ಸತ್ತ ಮೀನಿನ ಮಿದುಳಿನಲ್ಲೂ ಚಟುವಟಿಕೆ ಕಾಣುತ್ತಿತ್ತು. ಸಾವಿರಾರು ಕಡೆ ಒಟ್ಟಿಗೆ ಹುಡುಕಿದರೆ ಸುಮ್ನೆ ಆಕಸ್ಮಿಕವಾಗಿ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ ಅಂತ ತೋರಿಸುವುದು ಅವರ ಉದ್ದೇಶ. ಇದು ಮೊದಲು ಬಂದದ್ದು ಸಮ್ಮೇಳನದ ಗೋಡೆಗೆ ಅಂಟಿಸಿದ ಪೋಸ್ಟರ್ ಆಗಿ. ಆಮೇಲೆ ಅಷ್ಟೇನೂ ಹೆಸರಿಲ್ಲದ ಒಂದು ಜರ್ನಲ್‌ನಲ್ಲಿ. 2012ರಲ್ಲಿ ನಗೆಯ ನೊಬೆಲ್ ಅಂತ ಕರೆಯುವ ಇಗ್ ನೊಬೆಲ್ ಕೂಡ ಸಿಕ್ಕಿತು. ನಮ್ಮಲ್ಲಿ ಹೊಸ ವಿದ್ಯಾರ್ಥಿ ಆ ತಿದ್ದುಪಡಿ ಮರೆತರೆ ಇವತ್ತಿಗೂ "ಮೀನು ನೆನಪಿದೆಯಾ?" ಅನ್ನುತ್ತೇವೆ. ಜರ್ನಲ್‌ನ ತೂಕ ನೋಡಿ ಅಳೆದಿದ್ದರೆ ಆ ಕೆಲಸಕ್ಕೆ ಏನೂ ಸಿಗುತ್ತಿರಲಿಲ್ಲ.

ಜರ್ನಲ್‌ನ ತೂಕ ಅಂದರೆ ಇಂಪ್ಯಾಕ್ಟ್ ಫ್ಯಾಕ್ಟರ್. ಒಂದು ಜರ್ನಲ್‌ನಲ್ಲಿ ಹಿಂದಿನ ಎರಡು ವರ್ಷ ಬಂದ ಪೇಪರ್‌ಗಳಿಗೆ ಈ ವರ್ಷ ಸರಾಸರಿ ಎಷ್ಟು ಸೈಟೇಶನ್ ಬಂತು ಅನ್ನುವ ಲೆಕ್ಕ. ಎರಡೇ ವರ್ಷ! ತೆಂಗಿನ ಸಸಿ ನೆಟ್ಟು ಎರಡು ವರ್ಷಕ್ಕೆ ಕಾಯಿ ಎಲ್ಲಿ ಅಂತ ಕೇಳಿದ ಹಾಗೆ. 1971ರಲ್ಲಿ ಜಾನ್ ಓಕೀಫ್ ಮತ್ತು ಜೊನಾಥನ್ ದೊಸ್ತ್ರೋವ್‌ಸ್ಕಿ ಐದು ಪುಟದ ಒಂದು ಪೇಪರ್ ಬರೆದರು. ಓಡಾಡುವ ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗದಲ್ಲಿ 76 ಕೋಶಗಳನ್ನು ನೋಡಿದ್ದರು. ಅದರಲ್ಲಿ 8 ಮಾತ್ರ ಇಲಿ ಒಂದು ನಿರ್ದಿಷ್ಟ ಜಾಗದಲ್ಲಿದ್ದಾಗ ಸದ್ದು ಮಾಡುತ್ತಿದ್ದವು. ನಾನು ಎಲ್ಲಿದ್ದೇನೆ ಅಂತ ಮಿದುಳಿಗೆ ತಿಳಿಸುವ ಕೋಶಗಳು. 76ರಲ್ಲಿ ಎಂಟು, ಅದೂ ಐದು ಪುಟದಲ್ಲಿ. ಶುರುವಿನಲ್ಲಿ ಬಹಳ ಜನ ನಂಬಲಿಲ್ಲ. ಓಕೀಫ್‌ಗೆ ನೊಬೆಲ್ ಬಂದದ್ದು 2014ರಲ್ಲಿ, 43 ವರ್ಷದ ಮೇಲೆ.

ಇನ್ನು ನಮ್ಮ ಬಚ್ಚಲುಮನೆಗೆ ಬರೋಣ. ನಗಬೇಡಿ. ಮಳೆಗಾಲ, ಒಲೆ, ಹಂಡೆ ತುಂಬ ಬಿಸಿನೀರು. ತಲೆಯ ಮೇಲೆ ಚೆಂಬಿನಿಂದ ಹುಯ್ದುಕೊಳ್ಳುವ ಸುಖ ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ. ಕೆಲವರಿಗೆ ಹೀಗೆ ಬಿಸಿನೀರು ತಲೆಗೆ ಬಿದ್ದಾಗಲೇ ಫಿಟ್ಸ್ ಬರುತ್ತದೆ. ಬಿಸಿನೀರಿನ ಅಪಸ್ಮಾರ ಅಂತಾರೆ. ಜಗತ್ತಿನ ಬೇರೆ ಕಡೆ ಅಪರೂಪ. ದಕ್ಷಿಣ ಕರ್ನಾಟಕದಲ್ಲಿ ಜಾಸ್ತಿ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ಜನರ ವಿವರ ಬರೆದರು. ಆಮೇಲೆ ಇದು ಕೆಲವು ಕುಟುಂಬಗಳಲ್ಲಿ ಯಾಕೆ ಬರುತ್ತದೆ ಅಂತ ಜೀನ್ ಹುಡುಕುವ ಕೆಲಸವೂ ಬೆಂಗಳೂರಿನಲ್ಲೇ ನಡೆಯಿತು. ಈ ಕೆಲಸದಿಂದ ಆದ ಉಪಕಾರ ಎಂಥದ್ದು ನೋಡಿ. ಮೈಮೇಲೆ ಏನೋ ಬಂತು ಅಂತ ತಿಳಿದುಕೊಂಡಿದ್ದ ಮನೆಗೆ, ಇದು ಕಾಯಿಲೆ, ನೀರು ಉಗುರುಬೆಚ್ಚಗೆ ಮಾಡಿಕೊಳ್ಳಿ, ಬೇಕಾದರೆ ಔಷಧವೂ ಇದೆ ಅಂತ ಡಾಕ್ಟರು ಹೇಳಬಹುದು.

ಈ ವಿಷಯದ ಪೇಪರ್ ಅಲ್‌ಝೈಮರ್ ಪೇಪರ್‌ನಷ್ಟು ಸೈಟೇಶನ್ ಯಾವತ್ತೂ ಪಡೆಯುವುದಿಲ್ಲ. ಕಾರಣ ಸರಳ. ಹೆಸರೆತ್ತಬೇಕಾದರೆ ಅದೇ ವಿಷಯದ ಮೇಲೆ ಬರೆಯುವವರು ಇರಬೇಕು. ಅಲ್‌ಝೈಮರ್ ಮೇಲೆ ಜಗತ್ತಿನಾದ್ಯಂತ ಸಾವಿರಾರು ಲ್ಯಾಬ್ ಇವೆ. ಬಿಸಿನೀರಿನ ಫಿಟ್ಸ್ ಮೇಲೆ ಬೆರಳೆಣಿಕೆ. ಮಂಗನ ಕಾಯಿಲೆಯದ್ದೂ ಇದೇ ಕಥೆ. 1957ರಲ್ಲಿ ಇಲ್ಲೇ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಸಿದ್ದಾಪುರದವರಿಗೆ ಉಣುಗಿನ ಭಯ ಏನು ಅಂತ ಗೊತ್ತು. ಕೆಲವರಿಗೆ ಎರಡನೇ ಸಲ ಜ್ವರ ಬಂದಾಗ ಕೈ ನಡುಕ, ಗೊಂದಲ, ಮಿದುಳಿನ ತೊಂದರೆ ಕಾಣುತ್ತದೆ. ಅದರ ಮೇಲೆ ಕೆಲಸ ಮಾಡಬೇಕು ಅನ್ನುವ ಹುಡುಗಿಗೆ, "ಸೈಟೇಶನ್ ಬರಲ್ಲಮ್ಮ, ಬೇರೆ ತಗೋ" ಅಂತ ಹೇಳಿದವರನ್ನು ನಾನೇ ನೋಡಿದ್ದೇನೆ. ಹೇಳಿದವರು ಕೆಟ್ಟವರಲ್ಲ. ಅವಳ ಕೆಲಸದ ಚಿಂತೆ ಅವರಿಗೆ.

ನನಗೂ ಒಂದು ಸಂದರ್ಶನದಲ್ಲಿ ಇಂಥದ್ದೇ ಆಯಿತು. ಸಂಸ್ಥೆ ಯಾವುದು ಅಂತ ಬೇಡ. ಇಪ್ಪತ್ತು ನಿಮಿಷ ಮಾತಾಡಿದೆವು. ನನ್ನ ಫಾರ್ಮ್‌ನಲ್ಲಿ ಸಂಖ್ಯೆಗಳ ಕೆಳಗೆ ಪೆನ್ಸಿಲ್ ಗೆರೆ ಇತ್ತು. ಇಲಿಗಳ ನಿದ್ದೆಯ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ.

ದೊಡ್ಡಪ್ಪ ನೋಡಿದ ಫ್ಲೆಕ್ಸ್ ಬಗ್ಗೆ ಎರಡು ಮಾತು. ಆ ಪಟ್ಟಿ ಸುಳ್ಳಲ್ಲ. ಸ್ಟ್ಯಾನ್‌ಫರ್ಡ್‌ನ ಜಾನ್ ಯೊವಾನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಮಾಹಿತಿಯಿಂದ ಮಾಡುತ್ತಾರೆ. ತಮ್ಮ ಹೆಸರು ತಾವೇ ಎತ್ತಿಕೊಂಡದ್ದನ್ನು ಕಳೆದೂ ಲೆಕ್ಕ ಕೊಡುತ್ತಾರೆ, ಅದು ಒಳ್ಳೆಯದು. ಆದರೆ ಅದರಲ್ಲಿ ಎರಡು ಪಟ್ಟಿ ಇವೆ. ಒಂದು ಇಡೀ ಜೀವಮಾನದ್ದು, ಇನ್ನೊಂದು ಒಂದೇ ವರ್ಷದ್ದು. ಫ್ಲೆಕ್ಸ್‌ನಲ್ಲಿ ಯಾವುದು ಅಂತ ಬರೆದಿರುವುದಿಲ್ಲ.

ಕನ್ನಡದಲ್ಲಿ ಯಾಕೆ ಮಾತಾಡುತ್ತೀರಿ, ಇದಕ್ಕೆ ಸೈಟೇಶನ್ ಇದೆಯಾ ಅಂತ ಲ್ಯಾಬ್‌ನಲ್ಲಿ ಒಬ್ಬರು ತಮಾಷೆ ಮಾಡಿದರು. ಸೊನ್ನೆ. ಆದರೆ ನಮ್ಮ ಶಾಸ್ತ್ರದ ಅಜ್ಜ ಸಾಂಟಿಯಾಗೊ ರಮೋನ್ ಇ ಕಹಾಲ್ ಶುರು ಮಾಡಿದ್ದೂ ಸೊನ್ನೆಯಿಂದಲೇ. ಅವರು ಬರೆಯುತ್ತಿದ್ದದ್ದು ಸ್ಪ್ಯಾನಿಷ್‌ನಲ್ಲಿ. ಆಗ ದೊಡ್ಡ ವಿಜ್ಞಾನಿಗಳು ಓದುತ್ತಿದ್ದದ್ದು ಜರ್ಮನ್, ಫ್ರೆಂಚ್. 1888ರಲ್ಲಿ ಕೈಯಿಂದ ದುಡ್ಡು ಹಾಕಿ ತಮ್ಮದೇ ಜರ್ನಲ್ ಶುರು ಮಾಡಿದರು. ಅಚ್ಚು ಹಾಕಿಸಿದ್ದು 60 ಪ್ರತಿ. ಹೊರದೇಶದ ವಿಜ್ಞಾನಿಗಳಿಗೆ ಕಳಿಸಿದರು. ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಮರುವರ್ಷ ಮೈಕ್ರೋಸ್ಕೋಪ್, ಸ್ಲೈಡ್ ಹೊತ್ತುಕೊಂಡು ಬರ್ಲಿನ್‌ಗೆ ಹೋದರು. ಸಮ್ಮೇಳನದಲ್ಲಿ ಆಗಿನ ದೊಡ್ಡ ಹೆಸರು ಕೋಲಿಕರ್. ಅವರನ್ನು ಕರೆದುಕೊಂಡು ಬಂದು, ನೋಡಿ ಅಂತ ತೋರಿಸಿದರು. ಕೋಲಿಕರ್ ಬಗ್ಗಿ ನೋಡಿದರು. ಅಲ್ಲಿಂದ ಕಹಾಲ್ ದಾರಿ ತಿರುಗಿತು. 1906ರಲ್ಲಿ ನೊಬೆಲ್.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಹುಡುಗ: "ಮೇಡಂ, ಪಿಎಚ್‌ಡಿಗೆ ಗೈಡ್ ಹುಡುಕುವಾಗ ಎಚ್-ಇಂಡೆಕ್ಸ್ ನೋಡ್ಲೇಬಾರದಾ?"

ನೋಡು, ತಪ್ಪೇನಿಲ್ಲ. ಎರಡು ನಿಮಿಷ ನೋಡು. ಆಮೇಲೆ ಅವರ ಮೂರು ಪೇಪರ್ ಆರಿಸು. ನಮ್ಮ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯ ಹೆಸರು ಲ್ಯಾಬ್ ನಡೆಸುವವರದು. ಮೊದಲ ಹೆಸರಿನ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಅಂತ ಹುಡುಕು. ಒಬ್ಬರಿಗಾದರೂ ಫೋನ್ ಮಾಡಿ ಕೇಳು. ಆ ಮೂರು ಪೇಪರ್‌ಗಳನ್ನು ಎತ್ತಿದವರಲ್ಲಿ ಐದೈದು ಜನರ ವಾಕ್ಯ ಓದು. ಬಾಲಕ್ಕೆ ಕಟ್ಟಿದ್ದಾರಾ, ಅದನ್ನು ಹಿಡಿದು ಮುಂದೆ ಹೋಗಿದ್ದಾರಾ ಅಂತ ಗೊತ್ತಾಗುತ್ತದೆ. ಒಂದು ಮಧ್ಯಾಹ್ನದ ಕೆಲಸ. ನೀನು ಅಲ್ಲಿ ಐದು ವರ್ಷ ಇರಬೇಕಪ್ಪ. ಇನ್ನೊಂದು, ಪಿಎಚ್‌ಡಿಗೆ ಪೇಪರ್ ಕಡ್ಡಾಯ ಅನ್ನುವುದನ್ನು ಯುಜಿಸಿ 2022ರ ನಿಯಮದಲ್ಲಿ ತೆಗೆದಿದೆ. ಗಡಿಬಿಡಿಯಲ್ಲಿ ದುಡ್ಡು ಕೊಟ್ಟು ಎಲ್ಲಾದರೂ ಹಾಕಿಸಲು ಹೋಗಬೇಡ.

ವಕೀಲರಲ್ಲಿ ಒಬ್ಬರು: "ವಾಪಸ್ ತೆಗೆದುಕೊಂಡ ಪೇಪರನ್ನು ಆಮೇಲೂ ಎತ್ತುವವರು ಇದ್ದಾರಾ?"

ಇದ್ದಾರೆ ಸಾರ್. ಬೇಕಂತ ಅಲ್ಲ. ಹಳೆಯ ಪಿಡಿಎಫ್ ಕಂಪ್ಯೂಟರಿನಲ್ಲಿ ಇಳಿಸಿಟ್ಟುಕೊಂಡಿರುತ್ತಾರೆ, ಅದರ ಮೇಲೆ ರದ್ದು ಅಂತ ಮುದ್ರೆ ಬೀಳುವುದಿಲ್ಲವಲ್ಲ. ನಿಮ್ಮ ಪಟ್ಟಿಯ ಆ ಒಂದು ಅಕ್ಷರವನ್ನಾದರೂ ವಾಪಸ್ ತರುವ ಪ್ರಯತ್ನ ನಡೆದಿದೆ. ರಿಟ್ರ್ಯಾಕ್ಷನ್ ವಾಚ್ ಅನ್ನುವವರು ಇಂಥ ಪೇಪರ್‌ಗಳ ಪಟ್ಟಿ ಇಟ್ಟಿದ್ದಾರೆ. ಝೊಟೆರೊ ಅನ್ನುವ ಸಾಫ್ಟ್‌ವೇರ್ ಇದೆ, ಪೇಪರ್ ಜೋಡಿಸಿಟ್ಟುಕೊಳ್ಳಲು. 2019ರಿಂದ ಅದು ಆ ಪಟ್ಟಿಯ ಜೊತೆ ತಾಳೆ ನೋಡಿ, ರದ್ದಾದದ್ದು ನಿಮ್ಮ ಹತ್ತಿರ ಇದ್ದರೆ ಎಚ್ಚರಿಸುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಹುಡುಗರು ಇವತ್ತು ರಾತ್ರಿಯೇ ಹಾಕಿಕೊಳ್ಳಿ, ಕರೆಂಟ್ ಬಂದರೆ.